ಮುಚ್ಚಲು ಬರುವ ಮೇಜು

ಇಳಕಲ್, ಗುಳೇದಗುಡ್ಡದ ನೇಕಾರರ ಹಳೆಯ ಮನೆಗಳಲ್ಲಿ ದುಡಿಮೆಯ ಪೀಠ ನೆಲದ ಮೇಲಿರುವುದಿಲ್ಲ, ನೆಲದೊಳಗಿರುತ್ತದೆ. ಪಡಸಾಲೆಯ ಒಂದು ಬದಿಗೆ ಗುಂಡಿ ತೋಡಿ, ಅದರ ಅಂಚಿಗೆ ಕೂತು, ಕಾಲು ಒಳಕ್ಕೆ ಇಳಿಬಿಟ್ಟು, ತುಳಿಹಲಗೆ ತುಳಿಯುತ್ತ ನೇಯುವ ಕುಣಿಮಗ್ಗ ಅದು. ಕೂರಲು ಬೇರೆ ಕುರ್ಚಿ ಬೇಡ, ನೆಲವೇ ಆಸನ. ಎತ್ತರದ ಚೌಕಟ್ಟೂ ಬೇಡ, ಹಾಸು ನೆಲಕ್ಕೆ ಹತ್ತಿರದಲ್ಲೇ ಚಾಚಿಕೊಂಡಿರುತ್ತದೆ. ನೆಲದ ತಂಪು ನೂಲಿಗೆ ತಾಗುತ್ತದೆ, ಅದು ಒಣಗಿ ಪಟಪಟ ಹರಿಯುವುದು ಕಡಿಮೆ. ತೊಡೆಯೆತ್ತರ, ಮೊಣಕೈಯೆತ್ತರ, ಕಣ್ಣಿಗೂ ಕೈಗೂ ಇರುವ ದೂರ ಎಲ್ಲವೂ ಕೂತವರ ಮೈಗೆ ತಕ್ಕಂತೆ ತೋಡಿದ ಅಳತೆ. ಇಷ್ಟು ಕಡಿಮೆ ಮರದಲ್ಲಿ, ಇಷ್ಟು ಕಡಿಮೆ ಎತ್ತರದಲ್ಲಿ, ಇಷ್ಟು ಪೂರ್ತಿಯಾದ ಕೆಲಸದ ಜಾಗವನ್ನು ಇಂದಿನ ಪೀಠೋಪಕರಣದ ಅಂಗಡಿಗಳಲ್ಲಿ ಹುಡುಕಿದರೂ ಸಿಗುವುದಿಲ್ಲ.

ಆದರೆ ಗುಂಡಿಯನ್ನು ಮಡಚಿಡಲಾಗದು. ಮಗ್ಗ ಒಮ್ಮೆ ಕೂತ ಮೇಲೆ ಮನೆಯ ಉಳಿದ ಬದುಕು ಅದನ್ನು ಬಳಸಿಕೊಂಡು ದಾರಿ ಮಾಡಿಕೊಳ್ಳಬೇಕು. ತೊಟ್ಟಿಲು ಕಟ್ಟುವುದು, ಹಾಸಿಗೆ ಬಿಡಿಸುವುದು, ನೆಂಟರಿಗೆ ಚಾಪೆ ಹಾಕುವುದು ಎಲ್ಲ ಮಗ್ಗ ಬಿಟ್ಟುಕೊಟ್ಟ ಜಾಗದಲ್ಲಿ. ಮನೆಯಲ್ಲಿ ಮಗ್ಗವಿದೆ ಅನ್ನುವುದಕ್ಕಿಂತ ಮಗ್ಗದ ಸುತ್ತ ಒಂದು ಮನೆಯಿದೆ ಅನ್ನುವುದು ಸರಿ.

ಕರಾವಳಿಗೆ ಬಂದರೆ ಇದಕ್ಕೆ ತದ್ವಿರುದ್ಧವಾದ ವ್ಯವಸ್ಥೆ ಕಾಣುತ್ತದೆ. ದಕ್ಷಿಣ ಕನ್ನಡದ ಮನೆಗಳಲ್ಲಿ ಬೀಡಿ ಕಟ್ಟುವ ಹೆಂಗಸರ ಕೆಲಸದ ಮೇಜು ಎಂದರೆ ತೊಡೆಯ ಮೇಲಿನ ಒಂದು ಗೆರಸೆ, ತುಳುವಿನಲ್ಲಿ ತಡ್ಪೆ. ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಪುಡಿ, ದಾರ, ಕತ್ತರಿ ಎಲ್ಲವೂ ಅದರೊಳಗೆ. ಕಾಲಿಲ್ಲದ, ಗೋಡೆ ಬೇಡದ, ಎತ್ತಿಕೊಂಡು ಎಲ್ಲಿ ಬೇಕಾದರೂ ಕೂರಬಹುದಾದ ಕಚೇರಿ. ಬೆಳಗ್ಗೆ ಅಂಗಳದ ಬಿಸಿಲಿಗೆ, ಮಧ್ಯಾಹ್ನ ಚಾವಡಿಗೆ, ಮಳೆ ಬಂದರೆ ಒಳಗೆ, ಅನ್ನ ಬೇಯುವಾಗ ಒಲೆಯ ಹತ್ತಿರಕ್ಕೆ. ಮನೆಯಲ್ಲಿ ಅದು ಒಂದಂಗುಲ ಜಾಗವನ್ನೂ ತನ್ನದೆಂದು ಹಿಡಿದಿಡುವುದಿಲ್ಲ. ಹಾಗಾಗಿಯೇ ಅದು ಮುಗಿಯುವುದೂ ಇಲ್ಲ. ಸಾವಿರ ಬೀಡಿಯ ಲೆಕ್ಕ ತುಂಬುವವರೆಗೆ ಗೆರಸೆ ಹೆಂಗಸಿನ ಜೊತೆಗೇ ಮನೆಯೆಲ್ಲ ಓಡಾಡುತ್ತದೆ. ಮಾತಾಡುವಾಗಲೂ ಅದು ತೊಡೆಯ ಮೇಲೆ, ಟೀವಿ ನೋಡುವಾಗಲೂ ತೊಡೆಯ ಮೇಲೆ.

ಮೂರನೆಯದು ಶಾನುಭೋಗರ ಜಗಲಿ. ಹಳ್ಳಿಯ ಕಂದಾಯದ ಲೆಕ್ಕ ಬರೆಯುತ್ತಿದ್ದ ಶಾನುಭೋಗರಿಗೆ ಬೇರೆ ಕಚೇರಿ ಇರಲಿಲ್ಲ, ಮನೆಯೇ ಕಚೇರಿ. ಹುಣಿಸೆಬೀಜದ ಅಂಟಿಗೆ ಇದ್ದಿಲಪುಡಿ ಬೆರೆಸಿ ಬಟ್ಟೆಗೆ ಬಳಿದು, ಒಣಗಿಸಿ, ಪದರಪದರವಾಗಿ ಮಡಿಸಿದ ಕಡತ ಅವರ ಲೆಕ್ಕದ ಪುಸ್ತಕ, ಬಳಪವೇ ಲೇಖನಿ. ಜಗಲಿಯ ಮೇಲೆ ಕಡತ ಬಿಚ್ಚಿದರೆ ಕಚೇರಿ ತೆರೆದಂತೆ. ಮಡಿಸಿ ಪೆಟ್ಟಿಗೆಗೆ ಹಾಕಿದರೆ ಮುಚ್ಚಿದಂತೆ. ಜಗಲಿ ಮತ್ತೆ ಮನೆಯವರದ್ದಾಗುತ್ತಿತ್ತು, ದಾರಿಹೋಕರದ್ದೂ ಆಗುತ್ತಿತ್ತು. ಆ ವ್ಯವಸ್ಥೆಯಲ್ಲಿದ್ದ ಜಾತಿಯ ಹಿಡಿತ, ಲೆಕ್ಕ ಬಲ್ಲವನಿಗೆ ಊರಿನ ಮೇಲಿದ್ದ ಅಧಿಕಾರ ಮರೆಯುವಂಥದ್ದಲ್ಲ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡಿದ 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂದದ್ದು ಒಳ್ಳೆಯದೇ ಆಯಿತು. ನಾನು ಇಲ್ಲಿ ನೋಡುತ್ತಿರುವುದು ಆ ಕಡತ ಮತ್ತು ಪೆಟ್ಟಿಗೆಗಿದ್ದ ಒಂದು ಗುಣವನ್ನು ಮಾತ್ರ: ಕೆಲಸಕ್ಕೆ ಮುಚ್ಚಳವಿತ್ತು.

ಮಗ್ಗ ಕದಲುವುದಿಲ್ಲ, ಗೆರಸೆ ನಿಲ್ಲುವುದಿಲ್ಲ, ಕಡತ ಮುಚ್ಚಿಕೊಳ್ಳುತ್ತದೆ. ಚಿಕ್ಕ ಮನೆಯಲ್ಲಿ ಕೆಲಸಕ್ಕೆ ಜಾಗ ಮಾಡುವ ಇಂದಿನ ಎಲ್ಲ ಯೋಜನೆಗಳೂ ಈ ಮೂರರಲ್ಲಿ ಒಂದನ್ನು ಆರಿಸಿಕೊಳ್ಳುತ್ತವೆ, ಬಹಳ ಸಲ ತಿಳಿಯದೆಯೇ.

ನಡುವಿನ ಒಂದೆರಡು ತಲೆಮಾರುಗಳಿಗೆ ಈ ಆಯ್ಕೆಯ ಗೊಡವೆ ಇರಲಿಲ್ಲ. ಸಂಬಳದ ಕೆಲಸ ಮನೆ ಬಿಟ್ಟು ಹೊರಗೆ ಹೋಗಿತ್ತು. ಕಾರ್ಖಾನೆಯ ಸೈರನ್ನು, ಕಚೇರಿಯ ಹಾಜರಿ ಪುಸ್ತಕ, ಆಮೇಲೆ ಐಟಿ ಪಾರ್ಕಿನ ಗೇಟು ಇವೆಲ್ಲ ಕೆಲಸಕ್ಕೂ ಮನೆಗೂ ನಡುವೆ ಗೋಡೆ ಕಟ್ಟಿದ್ದವು. ಆ ಗೋಡೆಯನ್ನು ನಂಬಿಯೇ ಬೆಂಗಳೂರಿನ ಫ್ಲ್ಯಾಟುಗಳು ಚಿಕ್ಕವಾದವು. ಹಗಲೆಲ್ಲ ಖಾಲಿ ಇರುವ ಮನೆಗೆ ಹೆಚ್ಚು ಜಾಗ ಯಾಕೆ? 2020ರ ಮಾರ್ಚಿನ ಲಾಕ್‌ಡೌನಿನಲ್ಲಿ ಆ ನಂಬಿಕೆ ಕುಸಿಯಿತು. ಊಟದ ಮೇಜು, ಇಸ್ತ್ರಿ ಮಾಡುವ ಹಲಗೆ, ಹಾಸಿಗೆಯ ಮೇಲಿನ ದಿಂಬು, ಮಕ್ಕಳ ಪ್ಲಾಸ್ಟಿಕ್ ಮಣೆ, ಕಿಟಕಿಯ ಕಟ್ಟೆ ಎಲ್ಲವೂ ಬೆಳಗಾಗುವುದರೊಳಗೆ ಕಚೇರಿಗಳಾದವು. ಸಾಂಕ್ರಾಮಿಕ ಹೋದ ಮೇಲೂ ಆ ಕಚೇರಿಗಳಲ್ಲಿ ಎಷ್ಟೋ ಉಳಿದುಕೊಂಡಿವೆ. ಹೀಗೆ ಮನೆಗೆ ಮರಳಿದ ಕೆಲಸ ಕೈಯಲ್ಲಿ ಹಿಡಿದು ಬಂದದ್ದು ಲ್ಯಾಪ್‌ಟಾಪನ್ನು. ಗುಣದಲ್ಲಿ ಅದು ಬೀಡಿಯ ಗೆರಸೆಯ ಜಾತಿಯದು. ಎಲ್ಲಿಯೂ ಕೂರುತ್ತದೆ, ಹಾಗಾಗಿ ಎಲ್ಲೆಲ್ಲೂ ಕೂತುಬಿಡುತ್ತದೆ.

ಜಾಗದ ಲೆಕ್ಕಕ್ಕೆ ಬರೋಣ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೋಣೆ ಕನಿಷ್ಠ 9.5 ಚದರ ಮೀಟರ್ ಇರಬೇಕು, ಅಗಲ 2.4 ಮೀಟರಿಗೆ ಕಡಿಮೆ ಇರಬಾರದು ಎನ್ನುತ್ತದೆ. ಅಡುಗೆಮನೆಗೆ 5 ಚದರ ಮೀಟರ್ ಎಂಬ ಕನಿಷ್ಠ ಅಳತೆಯಿದೆ. ಮಲಗಲು, ಅಡುಗೆ ಮಾಡಲು, ಮೀಯಲು ಎಷ್ಟು ಜಾಗ ಬೇಕು ಎಂದು ಯೋಚಿಸಿದವರು ಮನೆಯಲ್ಲಿ ಕೂತು ದುಡಿಯುವವರಿಗೆ ಎಂದು ಅಳತೆ ಇಡಲಿಲ್ಲ. ಹಾಗಾಗಿ ಕೆಲಸದ ಮೇಜು ಯಾವಾಗಲೂ ಬೇರೆಯವರ ಜಾಗದಲ್ಲಿ ಒಕ್ಕಲು ಕೂರಬೇಕಾದ ವಸ್ತು.

ಹತ್ತಡಿಗೆ ಹನ್ನೊಂದಡಿಯ ಒಂದು ಮಲಗುವ ಕೋಣೆಯನ್ನು ತೆಗೆದುಕೊಳ್ಳಿ. 110 ಚದರಡಿ. ಇಬ್ಬರು ಮಲಗುವ ಮಂಚಕ್ಕೆ ಸುಮಾರು 33, ಆರಡಿ ಅಗಲದ ಬಟ್ಟೆ ಬೀರುವಿಗೆ 12. ಉಳಿದ 65 ಚದರಡಿಯಲ್ಲಿ ನಾಲ್ಕಡಿಗೆ ಎರಡಡಿಯ ಮೇಜು ಎಂದರೆ ಬರೀ 8 ಅನ್ನಿಸುತ್ತದೆ. ಆದರೆ ಕುರ್ಚಿ ಹಿಂದಕ್ಕೆ ಸರಿದು ಮನುಷ್ಯ ಎದ್ದು ಹೊರಬರಲು ಇನ್ನೂ ಎರಡೂವರೆ ಅಡಿ ಬೇಕು. ಎಂಟು ಚದರಡಿಯ ಮೇಜು ಹದಿನೆಂಟು ಚದರಡಿ ನುಂಗುತ್ತದೆ. ಕೋಣೆಯ ಬಾಗಿಲು, ಬೀರುವಿನ ಬಾಗಿಲು ತೆರೆಯುವ ಜಾಗವನ್ನೂ ಕಳೆದರೆ ಉಳಿಯುವುದು ಮಂಚದ ಸುತ್ತ ಅಡ್ಡಡ್ಡ ನಡೆಯುವಷ್ಟು ಓಣಿ. ಅಂಗಡಿಯಲ್ಲಿ ನಾವು ಅಳೆಯುವುದು ಮೇಜನ್ನು. ಮನೆಯಲ್ಲಿ ಜಾಗ ಬೇಡುವುದು ಮನುಷ್ಯನ ಚಲನೆ: ಕೂರುವುದು, ಏಳುವುದು, ಕಾಲು ಚಾಚುವುದು, ಬೇಸರವಾದಾಗ ಕುರ್ಚಿ ತಿರುಗಿಸುವುದು. ಚಿಕ್ಕ ಮನೆಗೆ ಪೀಠೋಪಕರಣ ಮಾಡುವವರ ಕಸುಬು ನಿಜವಾಗಿ ಶುರುವಾಗುವುದು ಮರ ಮುಗಿದು ಗಾಳಿ ಶುರುವಾಗುವ ಕಡೆ.

ಮೈಯ ಲೆಕ್ಕವೂ ಇದೆ. ಲ್ಯಾಪ್‌ಟಾಪಿನ ಪರದೆಯೂ ಕೀಲಿಮಣೆಯೂ ಒಂದಕ್ಕೊಂದು ಅಂಟಿಕೊಂಡಿವೆ. ಕೈಗೆ ಹಿತವಾಗುವ ಎತ್ತರಕ್ಕೆ ಇಟ್ಟರೆ ಕತ್ತು ಬಾಗುತ್ತದೆ. ಕತ್ತಿಗೆ ಹಿತವಾಗುವಷ್ಟು ಎತ್ತಿದರೆ ತೋಳು ಎದ್ದು ಹೆಗಲು ನೋಯುತ್ತದೆ. ಪರದೆಯನ್ನು ಒಂದು ತೋಳಳತೆ ದೂರಕ್ಕೆ, ಅದರ ಮೇಲಂಚು ಕಣ್ಣಿನ ಮಟ್ಟಕ್ಕೆ ಎತ್ತಿ, ಕೀಲಿಮಣೆಯನ್ನು ಬೇರೆಯಾಗಿ ಮೊಣಕೈಯ ಮಟ್ಟಕ್ಕೆ ಇಟ್ಟರಷ್ಟೇ ಜಗಳ ತೀರುವುದು. ಬಜಾರಿನ ಮೇಜುಗಳ ಎತ್ತರ ಸಾಮಾನ್ಯವಾಗಿ 29, 30 ಅಂಗುಲ. ಐದಡಿ ಎತ್ತರದ ಹೆಂಗಸಿಗೆ ಆ ಮೇಜಿನಲ್ಲಿ ಮೊಣಕೈ ಸರಿಹೋಗಬೇಕಾದರೆ ಕುರ್ಚಿಯನ್ನು ಅಷ್ಟು ಎತ್ತಿಕೊಳ್ಳಬೇಕು, ಆಗ ಅವಳ ಪಾದ ನೆಲಕ್ಕೆ ತಾಗುವುದಿಲ್ಲ. ಕಾಲಡಿಗೆ ಒಂದು ಮಣೆ ಬೇಕಾಗುತ್ತದೆ. ಕುಣಿಮಗ್ಗದ ಗುಂಡಿ ಕೂತವರ ಕಾಲಿನ ಉದ್ದ ಕೇಳಿ ತೋಡಿದ್ದು. ಕಾರ್ಖಾನೆಯ ಮೇಜು ಯಾರನ್ನೂ ಕೇಳುವುದಿಲ್ಲ.

ಹಾಗಾದರೆ ನೆಲಕ್ಕೇ ಮರಳಬಹುದಲ್ಲ ಎಂಬ ಮಾತು ಬರುತ್ತದೆ. ಚಿಕ್ಕಪೇಟೆಯಂಥ ಕಡೆ ಗಾದಿಯ ಮೇಲೆ ಕೂತು ಇಳಿಜಾರು ಮುಚ್ಚಳದ ಪೆಟ್ಟಿಗೆಯ ಮೇಲೆ ಲೆಕ್ಕ ಬರೆದ ವ್ಯಾಪಾರಿಗಳಿದ್ದರು. ಸಾಬರಮತಿಯ ಹೃದಯಕುಂಜದಲ್ಲಿ ಗಾಂಧೀಜಿಯ ಬರೆಯುವ ಮೇಜು ನೆಲಮಟ್ಟದ್ದೇ. ನೆಲಕ್ಕೆ ಕೂತರೆ ಕುರ್ಚಿಯೂ ಉಳಿಯಿತು, ಕುರ್ಚಿ ಸರಿಯುವ ಎರಡೂವರೆ ಅಡಿಯೂ ಉಳಿಯಿತು. ಒಂದು ಪುಸ್ತಕ ಓದಲು, ಒಂದು ಕಾಗದ ಬರೆಯಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಆದರೆ ಬರೆಯುವ ಕೈಗೆ ಬೇಕಾದದ್ದು ತನ್ನ ಕಡೆಗೆ ಇಳಿಯುವ ಹಲಗೆ, ಪರದೆಗೆ ಬೇಕಾದದ್ದು ಎದುರಿಗೆ ನಿಲ್ಲುವ ಹಲಗೆ. ಗಾದಿಯ ವ್ಯಾಪಾರಿ ನಡುನಡುವೆ ಎದ್ದು ಸರಕು ತೋರಿಸುತ್ತಿದ್ದ, ದಿಂಬಿಗೆ ಒರಗುತ್ತಿದ್ದ. ಒಂಬತ್ತು ಗಂಟೆ ಕದಲದೆ ಕೂರಿಸುವ ಕೆಲಸಕ್ಕೆ ಆ ಮೈಭಾಷೆ ಒಗ್ಗುವುದಿಲ್ಲ. ಹಳೆಯದನ್ನು ಹೊಗಳಿ ತಂದು ಮೂಲೆಯಲ್ಲಿಟ್ಟರೆ ಅದು ಅಲಂಕಾರವಾಗಿ ಉಳಿಯುತ್ತದೆ. ಅದರಿಂದ ಕಲಿಯಬೇಕಾದದ್ದು ಆಕಾರವಲ್ಲ, ಮುಚ್ಚುವ ಬುದ್ಧಿ.

ಮುಚ್ಚುವುದನ್ನು ಬಹಳ ಗಂಭೀರವಾಗಿ ಯೋಚಿಸಿದವರೊಬ್ಬರು ಅಮೆರಿಕದ ಇಂಡಿಯಾನಾಪೊಲಿಸ್‌ನ ವಿಲಿಯಂ ವೂಟನ್. ಅವರು 1874ರಲ್ಲಿ ಪೇಟೆಂಟ್ ಪಡೆದ ಮೇಜು ಮುಚ್ಚಿದಾಗ ದೊಡ್ಡ ಬೀರುವಿನ ಹಾಗೆ ಕಾಣುತ್ತಿತ್ತು. ಬೀಗ ತೆಗೆದು ಎರಡು ರೆಕ್ಕೆ ಬಿಚ್ಚಿದರೆ ಒಳಗೆ ಹತ್ತಾರು ಗೂಡು, ಮುಂದಕ್ಕೆ ಇಳಿಯುವ ಬರೆಯುವ ಹಲಗೆ. ಅಧ್ಯಕ್ಷ ಗ್ರಾಂಟ್ ಅವರಂಥವರ ಬಳಿ ಇದ್ದ ಮೇಜು ಅದು, ಬಡವರದ್ದಲ್ಲ, ಸಣ್ಣದೂ ಅಲ್ಲ. ಅದರ ಶಿಸ್ತು ಮಾತ್ರ ನೋಡುವಂಥದ್ದು. ಹಲಗೆಯ ಮೇಲೆ ಹರಡಿದ ಕಾಗದಗಳು ಅವುಗಳ ಗೂಡು ಸೇರಿದ ಮೇಲೆಯೇ ಹಲಗೆ ಮೇಲೇಳಬೇಕು, ಆಮೇಲೆ ರೆಕ್ಕೆ, ಆಮೇಲೆ ಒಂದೇ ಬೀಗದಲ್ಲಿ ಇಡೀ ಕಚೇರಿ ಬಂದ್. ಟೈಪ್‌ರೈಟರು ಬಂದು, ಕಾಗದದ ರಾಶಿ ಗೂಡುಗಳನ್ನು ಮೀರಿ ಬೆಳೆದು, ಕಡತದ ಕಬ್ಬಿಣದ ಬೀರುಗಳು ಬಂದಾಗ ಆ ಮೇಜು ಹಿಂದೆ ಸರಿಯಿತು. ಈಗ ಆ ಕಾಗದದ ರಾಶಿಯೆಲ್ಲ ಅಂಗೈಯಗಲದ ಯಂತ್ರದೊಳಗೆ ಹೋಗಿದೆ. ವೂಟನ್ನರ ಮೇಜನ್ನು ಗೋಡೆಗೆ ಅಂಟುವಷ್ಟು ತೆಳ್ಳಗೆ ಮಾಡಲು ಇದಕ್ಕಿಂತ ಒಳ್ಳೆಯ ಕಾಲ ಬಂದಿರಲಿಲ್ಲ.

ಮಡಚುವ ಮೇಜು ಮಾಡಿಸಲು ಹೋದರೆ ಅನುಭವಸ್ಥ ಬಡಗಿಗಳು ಮೊದಲು ಕೇಳುವ ಪ್ರಶ್ನೆಯೊಂದಿದೆ: “ಮಾಡ್ಕೊಡ್ತೀನಿ ಮೇಡಂ, ಆದ್ರೆ ದಿನಾ ಮಡಚ್ತೀರಾ?” ಗ್ರಾಹಕರು ನಗುತ್ತಾರೆ, ಆದರೆ ವಿನ್ಯಾಸದ ಇಡೀ ಶಾಸ್ತ್ರ ಆ ಪ್ರಶ್ನೆಯೊಳಗಿದೆ. ಗೋಡೆಗೆ ಬಿಜಾಗರಿ ಹಾಕಿ, ಕೆಳಗೆ ಎರಡು ಮಡಚುವ ಬ್ರಾಕೆಟ್ ಕೊಟ್ಟು ಒಂದು ಹಲಗೆ ನಿಲ್ಲಿಸುವುದು ಕಷ್ಟವಲ್ಲ. ಅದರ ಮೇಲೆ ಚಾರ್ಜರ್, ಕಾಫಿ ಲೋಟ, ಔಷಧಿ ಚೀಟಿ, ಮಗುವಿನ ಬಣ್ಣದ ಪೆನ್ಸಿಲು ಸೇರಿಕೊಂಡ ಮೇಲೆ ಮಡಚುವುದು ಕಷ್ಟ. ಇವನ್ನೆಲ್ಲ ಬೇರೆಲ್ಲೋ ಎತ್ತಿಟ್ಟು ಮಡಚಬೇಕೆಂದರೆ ಮೊದಲ ವಾರ ಮಡಚುತ್ತೇವೆ, ಎರಡನೆಯ ವಾರ ಬಿಡುತ್ತೇವೆ, ಆಮೇಲೆ ಅದು ಕಾಲಿಗೆ ಎಡತಾಕುವ ಇನ್ನೊಂದು ಕಾಯಂ ಹಲಗೆ.

ಬಲ್ಲವರು ಇದಕ್ಕೆ ಹಲಗೆಯ ಹಿಂದೆ ಆರೇಳು ಅಂಗುಲ ಆಳದ ಗೂಡು ಕೊಡುತ್ತಾರೆ. ಲ್ಯಾಪ್‌ಟಾಪು ನಿಂತುಕೊಳ್ಳುವ ಸಂದು, ಒಳಗೇ ಪ್ಲಗ್ಗು, ವೈರು ಹಾಯುವ ತೂತು, ನಾಲ್ಕು ಪುಸ್ತಕಕ್ಕೆ ಒಂದು ತಟ್ಟು, ಒಂದು ಸಣ್ಣ ದೀಪ. ಎತ್ತಿದರೆ ಗೂಡಿನ ಬಾಗಿಲು, ಇಳಿಸಿದರೆ ಮೇಜು. ಪ್ಲೈವುಡ್ಡಿನ ಎಂಟಡಿಗೆ ನಾಲ್ಕಡಿಯ ಒಂದು ಹಾಳೆಯಲ್ಲಿ ಇದರ ಬಹುಪಾಲು ಆಗುತ್ತದೆ. ಅದನ್ನು ಹೊರುವ ಗೋಡೆ ಗಟ್ಟಿಯಿದೆಯೇ, ಒಳಗೋಡೆಯ ನಾಲ್ಕಂಗುಲದ ಬ್ಲಾಕಿಗೆ ಬೋಲ್ಟು ಹಿಡಿಯುತ್ತದೆಯೇ ಎಂದು ತಟ್ಟಿ ನೋಡಬೇಕು, ಅಷ್ಟೇ. ವೂಟನ್ನರ ಮೇಜು ದಿನವೂ ಒಪ್ಪ ಮಾಡಿಸುತ್ತಿತ್ತು. ನಮ್ಮ ಈ ಗೂಡು ಅರ್ಧ ಒಪ್ಪವಾದದ್ದನ್ನೂ ಕ್ಷಮಿಸಿ ಒಳಗೆ ಹಾಕಿಕೊಳ್ಳುತ್ತದೆ. ಮನುಷ್ಯರ ಸೋಮಾರಿತನಕ್ಕೆ ಒಂದು ತಟ್ಟು ಬಿಟ್ಟುಕೊಟ್ಟ ವಿನ್ಯಾಸವೇ ಬಾಳಿಕೆ ಬರುವುದು. ಕುರ್ಚಿಯ ಪ್ರಶ್ನೆ ಮಾತ್ರ ಬಗೆಹರಿಯುವುದಿಲ್ಲ. ಬೆನ್ನಿಗೆ ನಿಜವಾಗಿ ಆಸರೆ ಕೊಡುವ ಕುರ್ಚಿ ಮಡಚುವುದಿಲ್ಲ, ಮಡಚುವ ಕುರ್ಚಿ ಬೆನ್ನಿಗೆ ಆಗುವುದಿಲ್ಲ. ಅದು ಮನೆಯಲ್ಲಿ ಹಗಲಿರುಳು ನಿಂತಿರುತ್ತದೆ, ಅದರ ಬೆನ್ನಿನ ಮೇಲೆ ಒಣಗಿದ ಬಟ್ಟೆಗಳು ಕೂರುತ್ತವೆ.

ಮೇಜು ಯಾವ ಕಡೆ ಮುಖ ಮಾಡಬೇಕು ಎನ್ನುವುದೂ ಸಣ್ಣ ಪ್ರಶ್ನೆಯಲ್ಲ. ಆರ್.ಕೆ. ನಾರಾಯಣ್ ಮೈಸೂರಿನ ಯಾದವಗಿರಿಯಲ್ಲಿ ಮನೆ ಕಟ್ಟಿಸಿದಾಗ ಬರೆಯುವ ಕೋಣೆಗೆ ಎಂಟು ಕಿಟಕಿ ಇಡಿಸಿದರು. ಚಾಮುಂಡಿ ಬೆಟ್ಟ ಕಾಣುವ ಆ ಕೋಣೆಯಲ್ಲಿ ನೋಟವೇ ಬರವಣಿಗೆಗೆ ಅಡ್ಡಿಯಾಗಿ, ಕೊನೆಗೆ ಕಣ್ಣಿಗೆ ಬೇರೇನೂ ಬೀಳದ ಹಾಗೆ ಪರದೆ ಎಳೆದುಕೊಂಡು ಬರೆದರೆಂದು ಅವರೇ ಹೇಳಿಕೊಂಡಿದ್ದಾರೆ. ಮನಸ್ಸು ಕೂರಲು ಕಣ್ಣಿಗೆ ಒಂದು ಬೋಳು ಗೋಡೆ ಬೇಕು ಎಂದು ಅವರು ಕಂಡುಕೊಂಡಿದ್ದರು. ಈಗ ಆ ಲೆಕ್ಕ ತಿರುಗಿದೆ. ವಿಡಿಯೋ ಕರೆಯ ಕಾಲದಲ್ಲಿ ಕೂತವರ ಎದುರಿನ ಗೋಡೆ ಯಾರಿಗೂ ಬೇಡ, ಬೆನ್ನ ಹಿಂದಿನದು ಎಲ್ಲರಿಗೂ ಬೇಕು. ಅದಕ್ಕೆ ಪುಸ್ತಕದ ಕಪಾಟು, ಒಂದು ಹಸಿರು ಗಿಡ, ಒಳ್ಳೆಯ ಬಣ್ಣ. ಬೆನ್ನ ಹಿಂದಿನ ಗೋಡೆಯನ್ನು ಸಿಂಗರಿಸುವ ಗಡಿಬಿಡಿಯಲ್ಲಿ ಎದುರಿಗೆ ಸಿಕ್ಕಿದ್ದು ಮಂಚವೋ, ಪಾತ್ರೆ ತೊಳೆಯುವ ಸಿಂಕೋ, ಮನೆಯವರ ಓಡಾಟವೋ ಆಗುತ್ತದೆ. ಮನೆಯೊಳಗಿನ ಈ ಕೆಲಸದ ಜಾಗ ಕೆಲಸಕ್ಕಿಂತ ಹೆಚ್ಚಾಗಿ ಕೆಲಸ ಕಾಣುವುದಕ್ಕೆ ರೂಪುಗೊಂಡರೆ ಅದು ರಂಗಸಜ್ಜಿಕೆ. ಅಲ್ಲಿ ಕೂತವರು ದಿನವಿಡೀ ನಟರು.

ಗೋಡೆಯಿಲ್ಲದೆಯೂ ಕೋಣೆ ಆಗಬಹುದೆಂದು ತೋರಿಸುವ ಒಂದು ಹಳೆಯ ಚಿತ್ರವಿದೆ. ಹದಿನೈದನೆಯ ಶತಮಾನದ ಇಟಲಿಯ ಆಂತೊನೆಲ್ಲೊ ದ ಮೆಸ್ಸಿನಾ ಬರೆದ, ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಸಂತ ಜೆರೋಮನ ಚಿತ್ರ. ಇಗರ್ಜಿಯಂಥ ದೊಡ್ಡ ಕಲ್ಲಿನ ಕಟ್ಟಡದ ನಡುವೆ ಮರದ ಒಂದು ಅಟ್ಟಣೆ. ಅದಕ್ಕೆ ಮೆಟ್ಟಿಲಿದೆ, ಮೇಜಿದೆ, ಪುಸ್ತಕದ ಗೂಡುಗಳಿವೆ, ಗಿಡದ ಕುಂಡವಿದೆ, ಬಾಗಿಲಿಲ್ಲ. ನೆಲದಿಂದ ಮೇಲೆದ್ದಿದೆ ಅನ್ನುವುದೇ ಅದರ ಗಡಿ. ಒಂದೇ ಪೀಠೋಪಕರಣ ಇಡೀ ಅಧ್ಯಯನದ ಕೋಣೆಯಾಗಿದೆ. ನಮ್ಮ ಜಗಲಿಯೂ ಇದೇ ಮಾತು ಹೇಳುತ್ತಿತ್ತು. ಬೀದಿಗಿಂತ ಎತ್ತರ, ಹೊಸಿಲಿಗಿಂತ ಹೊರಗೆ. ಒಂದೂವರೆ ಅಡಿಯ ಎತ್ತರದಲ್ಲಿ ಬೀದಿ ಯಾವುದು, ಮನೆ ಯಾವುದು, ಎರಡರ ನಡುವಿನದು ಯಾವುದು ಎಂದು ಊರಿಗೆಲ್ಲ ತಿಳಿಯುತ್ತಿತ್ತು. ಚಿಕ್ಕ ಫ್ಲ್ಯಾಟಿನಲ್ಲಿ ಹೊಸ ಗೋಡೆ ಎಬ್ಬಿಸಲು ಜಾಗವಿಲ್ಲ. ಆದರೆ ಆರಂಗುಲ ಎತ್ತರದ ಒಂದು ಕಟ್ಟೆ, ಬೇರೆ ಬಣ್ಣದ ನೆಲ, ಅಡ್ಡ ತಿರುಗಿಸಿದ ಪುಸ್ತಕದ ಕಪಾಟು, ಅಲ್ಲಿಗೆ ಮಾತ್ರ ಬೀಳುವ ದೀಪ ಇವು ಗಡಿ ಎಳೆಯಬಲ್ಲವು. ಗಡಿ ಕಣ್ಣಿಗೆ ಕಂಡರೆ ಮನೆಯವರ ಕಾಲು ತಾನಾಗಿ ನಿಲ್ಲುತ್ತದೆ, ಕೂತವರ ಮನಸ್ಸೂ ತಾನಾಗಿ ಹೊರಬರುತ್ತದೆ.

ಚಿಕ್ಕ ಜಾಗದ ದೊಡ್ಡ ಗುರು ಎನ್ನಿಸಿಕೊಂಡ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಫ್ರಾನ್ಸಿನ ಕಡಲತೀರದ ರೋಕ್‌ಬ್ರೂನಿನಲ್ಲಿ 1952ರಲ್ಲಿ ತನಗಾಗಿ ಒಂದು ಮರದ ಗುಡಿಸಲು ಕಟ್ಟಿಕೊಂಡ. ಉದ್ದ 3.66 ಮೀಟರ್, ಅಗಲವೂ ಅಷ್ಟೇ. ಮಂಚ, ಮೇಜು, ಕಪಾಟು, ಬೇಸಿನ್ನು ಎಲ್ಲವೂ ಅಂಗುಲ ಅಂಗುಲ ಲೆಕ್ಕ ಹಾಕಿ ಕೂರಿಸಿದವು. ವಾಸ್ತುಶಿಲ್ಪದ ವಿದ್ಯಾರ್ಥಿಗಳು ಇಂದಿಗೂ ಅದರ ನಕ್ಷೆ ಬರೆದು ಕಲಿಯುತ್ತಾರೆ. ಆ ಪಾಠದಲ್ಲಿ ಹಿಂದೆ ಉಳಿಯುವ ಸಂಗತಿಯೊಂದಿದೆ: ಕೆಲಸ ಮಾಡಲು ಆತ ಕೆಲವೇ ಹೆಜ್ಜೆ ಆಚೆ ಇನ್ನೊಂದು ಪುಟ್ಟ ಶೆಡ್ಡು ಇಟ್ಟುಕೊಂಡಿದ್ದ. ಅಷ್ಟು ಚೆನ್ನಾಗಿ ಅಡಕ ಮಾಡಬಲ್ಲವನಿಗೂ ಮಲಗುವ ಜಾಗಕ್ಕೂ ದುಡಿಯುವ ಜಾಗಕ್ಕೂ ನಡುವೆ ನಾಲ್ಕು ಹೆಜ್ಜೆ ಬಯಲು ಬೇಕೆನಿಸಿತು. ಆ ನಾಲ್ಕು ಹೆಜ್ಜೆಯನ್ನು ಎರಡು ಕೋಣೆಯ ಮನೆಯಲ್ಲಿ ಹೇಗೆ ಒದಗಿಸುವುದು? ಜಾಗದಲ್ಲಿ ಆಗದಿದ್ದರೆ ಕಾಲದಲ್ಲಿ ಒದಗಿಸಬೇಕು. ಬಾಗಿಲು ಎತ್ತಿ ಚಿಲಕ ಹಾಕುವ ಆ ಒಂದು ಕ್ಷಣವೇ ನಾಲ್ಕು ಹೆಜ್ಜೆ.

ಇಷ್ಟೆಲ್ಲ ಆದ ಮೇಲೂ ಮುಖ್ಯ ಪ್ರಶ್ನೆ ಬಾಕಿ ಇದೆ. ಒಂದೇ ಮೇಜು ಹಿಡಿಯುವ ಮನೆಯಲ್ಲಿ ಆ ಮೇಜು ಯಾರದ್ದು?

ಬೀಡಿ ಕಟ್ಟುವವಳ ಗೆರಸೆ ಮನೆಯೆಲ್ಲ ಓಡಾಡುತ್ತಿತ್ತು ಎಂದೆ. ಎಲ್ಲಿ ಬೇಕಾದರೂ ಕೂತು ದುಡಿಯಬಹುದಾದ ಸ್ವಾತಂತ್ರ್ಯ ಎಂದು ಅದನ್ನು ಬಣ್ಣಿಸಲು ಬರುತ್ತದೆ, ಇಂದಿನ ಕಂಪನಿಗಳು ಬಣ್ಣಿಸುವುದೂ ಹಾಗೆಯೇ. ಆದರೆ ಅವಳು ಓಡಾಡಿದ್ದು ಅವಳದ್ದು ಎಂಬ ಒಂದು ಮೂಲೆ ಆ ಮನೆಯಲ್ಲಿ ಇಲ್ಲದ್ದರಿಂದ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕೂತು ಕಟ್ಟುವವಳನ್ನೂ ಕಾರ್ಮಿಕಳೆಂದು ಒಪ್ಪಿತು. ಕಾನೂನು ಒಪ್ಪಿದ್ದನ್ನು ಮನೆಯ ನಕ್ಷೆ ಇನ್ನೂ ಒಪ್ಪಿಲ್ಲ. ಹೊಲಿಗೆ ಯಂತ್ರ ಕಿಟಕಿಯ ಬಳಿ ಬೆಳಕಿಗೆ ಬಂದು, ನೆಂಟರು ಬಂದಾಗ ಮೂಲೆಗೆ ಸರಿಯುತ್ತದೆ. ಊದುಬತ್ತಿ ಹೊಸೆಯುವ ಮಣೆ ಊಟದ ಹೊತ್ತಿಗೆ ಗೋಡೆಗೆ ಒರಗುತ್ತದೆ. ಸಾಫ್ಟ್‌ವೇರಿನ ಕೆಲಸ ಮನೆಗೆ ಬಂದಾಗಲೂ ಬಾಗಿಲಿರುವ ಕೋಣೆ ಬಹಳ ಮನೆಗಳಲ್ಲಿ ಗಂಡಸಿಗೆ ಹೋಯಿತು, ಊಟದ ಮೇಜು ಹೆಂಗಸಿಗೆ ಬಂತು. ಊಟದ ಮೇಜಿಗೆ ಕೂತವರನ್ನು ಯಾರೂ ಕೆಲಸದಲ್ಲಿದ್ದಾರೆ ಎಂದು ತಿಳಿಯುವುದಿಲ್ಲ. “ಅಮ್ಮಾ, ತಿನ್ನೋಕೇನಿದೆ?” ಎಂಬ ಪ್ರಶ್ನೆ ನೇರ ಅಲ್ಲಿಗೇ ಹೋಗುತ್ತದೆ.

ವರ್ಜೀನಿಯಾ ವುಲ್ಫ್ 1929ರ ತಮ್ಮ ಪುಸ್ತಕದಲ್ಲಿ ಬರೆಯುವ ಹೆಂಗಸಿಗೆ ಬೇಕೆಂದದ್ದು ಹಣ ಮತ್ತು ತನ್ನದೇ ಒಂದು ಕೋಣೆ. ಕನ್ನಡದಲ್ಲಿ ಹೆಂಗಸರು ಬರೆದದ್ದನ್ನು ಅಡುಗೆಮನೆಯ ಸಾಹಿತ್ಯ ಎಂದು ಹಗುರ ಮಾಡಿದ ಕಾಲವಿತ್ತು. ಹಾಗೆಂದವರು ಅವರು ಬೇರೆಲ್ಲಿ ಕೂತು ಬರೆಯಬೇಕಿತ್ತು ಎಂದು ಕೇಳಿಕೊಂಡಂತಿಲ್ಲ. ಕೋಣೆ ಬಹಳ ಮನೆಗಳಿಗೆ ಆಗದ ಮಾತು. ಆದರೆ ಮೂರಡಿ ಅಗಲದ, ಅವಳೇ ತೆರೆದು ಅವಳೇ ಮುಚ್ಚುವ, ಬೇಕಿದ್ದರೆ ಬೀಗ ಹಾಕುವ ಗೋಡೆಯ ಗೂಡು ಆಗದ ಮಾತಲ್ಲ. ಅಲ್ಲಿ ಮಗುವಿನ ಹೋಂವರ್ಕೂ ಗ್ಯಾಸಿನ ಬಿಲ್ಲೂ ಬಂದು ಸೇರಬಾರದು. ಜಾಗ ಎಷ್ಟು ದೊಡ್ಡದು ಎನ್ನುವುದಕ್ಕಿಂತ, ಅದನ್ನು ಮುಚ್ಚುವ ಅಧಿಕಾರ ಯಾರಿಗಿದೆ ಎನ್ನುವುದರಲ್ಲಿ ಒಡೆತನ ಇದೆ.

ವಿನ್ಯಾಸ ಒಳ್ಳೆಯ ಮನಸ್ಸಿನಿಂದಲೇ ಎಡವಿದ ಒಂದು ಕತೆ ಇಲ್ಲಿ ನೆನಪಾಗುತ್ತದೆ. ವಾಸ್ತುಶಿಲ್ಪಿ ಮಾರ್ಗರೆಟೆ ಶೂಟೆ-ಲಿಹೊಟ್ಸ್ಕಿ 1926ರಲ್ಲಿ ರೂಪಿಸಿದ ಫ್ರಾಂಕ್‌ಫರ್ಟ್ ಅಡುಗೆಮನೆ ಹೆಂಗಸಿನ ಕೆಲಸವನ್ನು ಕೆಲಸವೆಂದು ಗೌರವಿಸಿತು. ರೈಲಿನ ಅಡುಗೆ ಬೋಗಿಯನ್ನು ಮಾದರಿಯಾಗಿಟ್ಟು, ಹೆಜ್ಜೆ ಎಣಿಸಿ, ಕೈಗೆ ಎಟಕುವಂತೆ ಎಲ್ಲವನ್ನೂ ಕೂರಿಸಿತು. ಫ್ರಾಂಕ್‌ಫರ್ಟಿನ ಹೊಸ ಬಡಾವಣೆಗಳಲ್ಲಿ ಸುಮಾರು ಹತ್ತು ಸಾವಿರ ಮನೆಗಳಿಗೆ ಅದು ಹೋಯಿತು. ಆದರೆ ಒಬ್ಬರು ನಿಂತರೆ ಇನ್ನೊಬ್ಬರು ಒಳಗೆ ಬರಲಾಗದಷ್ಟು ಬಿಗಿಯಾಗಿತ್ತು. ಕೆಲಸ ಹಗುರವಾಯಿತು, ಹಂಚಿಕೊಳ್ಳುವವರಿಗೆ ಜಾಗವಿಲ್ಲವಾಯಿತು ಎಂದು ಮುಂದಿನವರು ಟೀಕಿಸಿದರು. ಮನೆಯ ಕಚೇರಿಗೂ ಈ ಎಚ್ಚರಿಕೆ ಬೇಕು. ಒಬ್ಬರಿಗೇ ಎರಕ ಹೊಯ್ದಂತಿರುವ ಮೇಜು ಇನ್ನೊಬ್ಬರನ್ನು ಸದ್ದಿಲ್ಲದೆ ಹೊರಗಿಡುತ್ತದೆ. ಹಲಗೆ ಇಳಿಯುವ ಎತ್ತರ ಎರಡು ಇರಲಿ, ಗೂಡಿನ ತಟ್ಟುಗಳು ಎರಡಾಗಿ ಹಂಚಿಹೋಗಲಿ, ಬೆಳಗ್ಗೆ ಒಬ್ಬರು, ಮಧ್ಯಾಹ್ನ ಒಬ್ಬರು ತೆರೆಯುವಂತಿರಲಿ. ಕಡತ ಶಾನುಭೋಗರೊಬ್ಬರದ್ದಾಗಿತ್ತು. ಈ ಗೂಡು ಹಾಗಾಗಬಾರದು.

ಬಡಗಿಯ ಕೈ ಎಲ್ಲಿಯವರೆಗೆ ಹೋಗುತ್ತದೆ ಎಂಬುದಕ್ಕೂ ಮಿತಿಯಿದೆ. ಸಂಜೆ ಏಳಕ್ಕೆ ಹಲಗೆ ಎತ್ತಿ ಚಿಲಕ ಹಾಕಿದವರ ಜೇಬಿನಲ್ಲಿ ಏಳೂಕಾಲಕ್ಕೆ ಫೋನು ನಡುಗಿದರೆ ಬಿಜಾಗರಿ ಏನು ಮಾಡೀತು? ಫ್ರಾನ್ಸಿನಲ್ಲಿ 2017ರ ಜನವರಿಯಿಂದ ಜಾರಿಗೆ ಬಂದ ಕಾನೂನು, ಕೆಲಸದ ಹೊತ್ತು ಮೀರಿದ ಮೇಲೆ ಸಂಪರ್ಕ ಕಡಿದುಕೊಳ್ಳುವ ಹಕ್ಕಿನ ಬಗ್ಗೆ ನೌಕರರ ಜೊತೆ ಮಾತುಕತೆ ನಡೆಸುವಂತೆ 50ಕ್ಕೂ ಹೆಚ್ಚು ನೌಕರರಿರುವ ಕಂಪನಿಗಳಿಗೆ ಹೇಳಿತು. ಪೋರ್ಚುಗಲ್ 2021ರಲ್ಲಿ ಇನ್ನೂ ಮುಂದೆ ಹೋಗಿ, ಬಿಡುವಿನ ಹೊತ್ತಿನಲ್ಲಿ ನೌಕರರನ್ನು ಸಂಪರ್ಕಿಸದಿರುವುದು ಮಾಲೀಕರ ಹೊಣೆ ಎಂದಿತು. ಮೇಜಿನ ಮುಚ್ಚಳಕ್ಕೆ ಹೊರಗಿನಿಂದಲೂ ಒಂದು ಕೈ ಬೇಕು ಎಂದು ಆ ದೇಶಗಳಿಗೆ ತಿಳಿದಂತಿದೆ. ನಮ್ಮಲ್ಲಿ ಆ ಮುಚ್ಚಳವನ್ನು ಹೊರಗಿನಿಂದ ಹಿಡಿಯುವ ಕೈ ಇನ್ನೂ ಬರಬೇಕು. ಅದು ಬರುವವರೆಗೆ ಮನೆಯವರೇ ಹಿಡಿಯಬೇಕು.

ಹಾಗಾಗಿ ಮೇಜು ಮಾಡಿಸುವ ಮುಂಚೆ ಅಳತೆಪಟ್ಟಿ ಬಿಚ್ಚುವುದಕ್ಕೂ ಮೊದಲು ಮನೆಯವರೆಲ್ಲ ಒಮ್ಮೆ ಕೂತು ಮಾತಾಡುವುದು ಒಳ್ಳೆಯದು. ಇದು ಯಾರ ಕೆಲಸಕ್ಕೆ? ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ? ತೆರೆದಿರುವಾಗ ಉಳಿದವರು ಏನನ್ನು ಬಿಟ್ಟುಕೊಡಬೇಕು, ಮುಚ್ಚಿದ ಮೇಲೆ ಕೂತವರು ಏನನ್ನು ಮರಳಿಸಬೇಕು? ಈ ಮಾತು ಇತ್ಯರ್ಥವಾದ ಮನೆಯಲ್ಲಿ ಹದಿನೆಂಟಂಗುಲದ ಹಲಗೆಯೂ ಸಾಕಾಗುತ್ತದೆ. ಇತ್ಯರ್ಥವಾಗದ ಮನೆಯಲ್ಲಿ ಬೇರೆ ಕೋಣೆಯೇ ಇದ್ದರೂ ಜಗಳ ಬಾಗಿಲು ತಟ್ಟುತ್ತಿರುತ್ತದೆ. ಇಷ್ಟು ದಿನ ಮನೆಯಲ್ಲಿ ಯಾರ ಹೊತ್ತಿಗೆ ಬೆಲೆ, ಯಾರ ದುಡಿಮೆಗೆ ಬಾಗಿಲು, ಯಾರದ್ದಕ್ಕೆ ಬರೀ ಮೂಲೆ ಎಂಬುದು ಮಾತಿಲ್ಲದೆಯೇ ತೀರ್ಮಾನವಾಗುತ್ತಿತ್ತು. ಒಂದು ಮೇಜು ಮಾಡಿಸುವ ನೆಪದಲ್ಲಿ ಆ ತೀರ್ಮಾನ ಬಾಯಿಗೆ ಬಂದು ಚರ್ಚೆಯಾದರೆ, ಪ್ಲೈವುಡ್ಡಿಗೆ ಕೊಟ್ಟ ದುಡ್ಡು ಅಲ್ಲಿಗೇ ವಸೂಲಾಯಿತು.